ಸೌಟಿನ ಕೈ

ಲಾನ್‌ಝೌ ಊರಲ್ಲಿ, ಬೆಳಗಿನ ಆರಕ್ಕೆ, ಹಳದಿ ನದಿಗೆ
ಜೋನಿಬೆಲ್ಲ ಕದಡಿದ ಬಣ್ಣ.
ದಂಡೆಯ ಪಾಪ್ಲರ್ ಮರಗಳಡಿ ನಾವು ಹದಿನೇಳು ಮಂದಿ,
ಒಬ್ಬೊಬ್ಬರದೂ ಒಂದೊಂದು ಹೊಟ್ಟೆಯ ಕತೆ.
ಒಬ್ಬನಿಗೆ ಹುಳಿತೇಗು, ಒಬ್ಬಳಿಗೆ ಮೂರು ದಿನಕ್ಕೊಮ್ಮೆ,
ಪಂಪ್‌ಹೌಸಿನ ಹಳೇ ಮ್ಯಾನೇಜರಿಗೆ ಬರೀ ವಾಯು
(ಕೆಲಸದಲ್ಲಿದ್ದಾಗಲೂ ಹಾಗೇ, ಮಾತೆಲ್ಲ ಗಾಳಿ).
ನನಗೆ ಮೇಲುಹೊಟ್ಟೆಯಲ್ಲೊಂದು ಕಲ್ಲು.
ಆಸ್ಪತ್ರೆಯವರು ಕೊಳವೆ ಇಳಿಸಿ ನೋಡಿದರು.
ಕಲ್ಲಿಲ್ಲ ಅಂದರು, ಮಾತ್ರೆ ಬರೆದರು.
ಆಮೇಲೆ ಆ ಹುಡುಗಿ ಡಾಕ್ಟರು ದನಿ ತಗ್ಗಿಸಿ,
"ಅಜ್ಜ, ನದೀ ದಂಡೆಗೆ ಹೋಗಿ ಕೈ ಎತ್ತಿ ನೋಡಿ."

ಹೋದೆ. ಮುಂದೆ ನಿಂತು ಹೇಳಿಕೊಡುವವಳು
ಲುವಾನ್ ಚ್ಯುಲಿಂಗ್.
ಮುಖದಿಂದಲ್ಲ, ಮಣಿಕಟ್ಟಿನಿಂದ ಗುರುತು ಹತ್ತಿತು.
ನಮ್ಮ ಕಾರ್ಖಾನೆಯ ಎರಡನೇ ಕ್ಯಾಂಟೀನು,
ನಾಲ್ಕನೇ ಕಿಟಕಿ, ಎಪ್ಪತ್ತೆಂಟರ ಚಳಿ.
ಸೌಟು ತುಂಬ ಎತ್ತುತ್ತಿದ್ದಳು,
ಒಮ್ಮೆ, ಒಂದೇ ಒಮ್ಮೆ ಅಲುಗಿಸುತ್ತಿದ್ದಳು:
ಮಾಂಸದ ತುಂಡು ಹಂಡೆಗೆ ವಾಪಸು,
ನನ್ನ ಬಟ್ಟಲಿಗೆ ಎಲೆಕೋಸು.
ಅವತ್ತು ನನಗೆ ರಾತ್ರಿಪಾಳಿ. ಆ ತುಂಡಿಗೆ ಕೊಬ್ಬಿನ ಅಂಚಿತ್ತು.
ತಿಂದದ್ದು ಎಷ್ಟೋ ಮರೆತೆ;
ತಿನ್ನದೇ ಹೋದ ಆ ಒಂದು
ನಲವತ್ತೈದು ವರ್ಷವಾದರೂ ಅರಗಿಲ್ಲ.

"ಮೂರನೆಯದು," ಅನ್ನುತ್ತಾಳೆ, "ಗುಲ್ಮಕ್ಕೂ ಜಠರಕ್ಕೂ.
ಎಡಗೈ ಮೇಲಕ್ಕೆ, ಅಂಗೈ ಮುಗಿಲಿಗೆ,
ಬಲಗೈ ಕೆಳಕ್ಕೆ, ಅಂಗೈ ನೆಲಕ್ಕೆ.
ನಡುವೆ ನೀವು, ಹಗ್ಗಕ್ಕೆ ಹಾಕಿದ ಒದ್ದೆಬಟ್ಟೆ.
ಹಿಂಡಬೇಡಿ, ಬರೀ ಎಳೆಯಿರಿ.
ಉಸಿರು ಹೊಕ್ಕುಳ ದಾಟಿ ಮೂರು ಬೆರಳು ಇಳಿಯಲಿ,
ಬಾವಿಗೆ ಕೊಡ ಬಿಟ್ಟ ಹಾಗೆ, ಸದ್ದಾಗದ ಹಾಗೆ."
ನನ್ನ ಕೊಡವೋ ಎದೆಯ ರಾಟೆಯಲ್ಲೇ ಸಿಕ್ಕಿ
ಕಿರುಗುಟ್ಟುತ್ತದೆ.

ಈಗ ಅವಳ ಬಲಗೈಯ ಸರದಿ.
ಭುಜದ ತನಕ ನೆಟ್ಟಗೆ ಬರುತ್ತದೆ.
ಕಿವಿ ದಾಟಿದ್ದೇ ಅಲುಗತೊಡಗುತ್ತದೆ,
ತಾನೇ, ಅವಳನ್ನು ಕೇಳದೆ.
ಸೌಟಿಲ್ಲ, ಹಂಡೆಯಿಲ್ಲ,
ಆದರೂ ಏನನ್ನೋ ವಾಪಸು ಉದುರಿಸುವ ಹಾಗೆ
ಮುಗಿಲ ಕೆಳಗೆ ಒಂದೇ ಸಮ.
ಅವಳು ಇಳಿಸುವುದಿಲ್ಲ. ಒಂಬತ್ತು ಎಣಿಸುತ್ತಾಳೆ.
ಮೊದಲ ವಾರ ನನಗೆ, ಸುಳ್ಳೇಕೆ, ಹಿತವಾಯಿತು.
ಎರಡನೇ ವಾರ ಆ ಹಿತವೇ ಹುಳಿಯಿತು.

ಕೊನೆಗೊಂದು ದಿನ ಕಲ್ಲುಬೆಂಚಿನ ಮೇಲೆ
ಅವಳು ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸುವಾಗ
(ಅರ್ಧ ಲೋಟಕ್ಕೆ, ಅರ್ಧ ಹುಲ್ಲಿಗೆ) ಕೇಳಿಬಿಟ್ಟೆ:
"ನಾಲ್ಕನೇ ಕಿಟಕಿ. ನನ್ನ ನೆನಪುಂಟಾ?"
"ಮುಖ ಯಾರು ನೋಡಿದರು?
ಮುನ್ನೂರ ಹನ್ನೊಂದು ಬಟ್ಟಲು, ಮಾಂಸ ಇನ್ನೂರಕ್ಕೆ.
ನಿನ್ನ ಬಟ್ಟಲು ಹೇಗಿತ್ತು?"
"ನೀಲಿ ಅಂಚಿನ ಎನಾಮೆಲ್ಲು. ಹಿಡಿಯ ಹತ್ತಿರ ಚಕ್ಕೆ ಎದ್ದು..."
"ಮೊಲದ ಹಾಗೆ," ಅಂದಳು. "ಆ ಮೊಲದ ಬಟ್ಟಲು."
ಅಷ್ಟೇ ಅಂದಳು. ಫ್ಲಾಸ್ಕಿನ ಬಿರಡೆ ತಿರುಗಿಸತೊಡಗಿದಳು,
ಅದು ಕೂರಲಿಲ್ಲ, ನಾನು ಕೂರಿಸಿದೆ.

ಹೊಟ್ಟೆಗೆ ಹಾಕಿಕೋ ಅಂತ ಅವಳು ಕೇಳಲಿಲ್ಲ,
ಹಾಕಿಕೊಂಡೆ ಅಂತ ನಾನೂ ಹೇಳಲಿಲ್ಲ.
ಹಾಗೆ ನೋಡಿದರೆ ಆಗಲೇ ಹಾಕಿಕೊಂಡದ್ದು
ಬೇಕಾದಷ್ಟಿತ್ತು ಅಲ್ಲಿ.
ಬಂದದ್ದು ಒಂದು ತೇಗು. ಉದ್ದ, ನಾಚಿಕೆಗೆಟ್ಟದ್ದು,
ನದಿಯ ಮೇಲಿನ ದೋಣಿಯವನು ತಿರುಗಿ ನೋಡುವಂಥದ್ದು.
"ಬರಲಿ, ಬರಲಿ," ಅಂದಳು ಮೇಷ್ಟ್ರ ಗತ್ತಿನಲ್ಲಿ.

ಮನೆಗೆ ಬಂದು ಹುಡುಕಿದೆ. ಅಡುಗೆಮನೆಯ ಕಿಟಕಿಯಲ್ಲಿತ್ತು,
ಸೊಸೆ ಅದರಲ್ಲಿ ಬೆಳ್ಳುಳ್ಳಿ ಮೊಳಕೆ ಹಾಕಿದ್ದಾಳೆ.
ಚಕ್ಕೆ ಎದ್ದಲ್ಲಿ ತುಕ್ಕು, ಇನ್ನಷ್ಟು ದೊಡ್ಡದಾಗಿ.
ಯಾವ ಮೊಲವೂ ಕಾಣಲಿಲ್ಲ.
ಕನ್ನಡಕ ಹಾಕಿದೆ. ಇಲ್ಲ.
ಆಮೇಲೆ ತೋಚಿ, ಸರದಿಯಲ್ಲಿ ನಿಂತವನ ಹಾಗೆ
ಬಟ್ಟಲನ್ನು ಎರಡೂ ಕೈಲಿ ಮುಂದಕ್ಕೆ ಚಾಚಿಟ್ಟು
ಮೇಜಿನ ಆಚೆ ಬದಿಗೆ ಹೋಗಿ ನಿಂತೆ,
ಅವಳು ನಿಲ್ಲುತ್ತಿದ್ದ ಕಡೆ:

ಎರಡು ಕಿವಿ. ಗಿಡ್ಡ ಬಾಲ.
ಓಡಲು ಕಾಲು ಮಡಚಿ ಕೂತಿದೆ.